ಹಣೆಯ ಟಿಕಳಿ ಚಂದ್ರನಾದದ್ದು

ಯಲ್ಲಾಪುರ
ಶನಿವಾರ, ೧೮ ಜನವರಿ ೨೦೨೫

ಯಜಮಾನರಿಗೆ ನಿಮ್ಮ ಪಾರ್ವತಿಯ ನಮಸ್ಕಾರಗಳು.

ಸಾಷ್ಟಾಂಗ ಎಂದು ಬರೆಯುವುದು ಪದ್ಧತಿ. ಆದರೆ ಈ ಮೊಣಕಾಲು ಇಟ್ಟುಕೊಂಡು ಸಾಷ್ಟಾಂಗ ಬಿದ್ದರೆ ಎಬ್ಬಿಸಲು ನೀವು ಇಲ್ಲಿ ಇಲ್ಲವಲ್ಲ, ಅದಕ್ಕೆ ನಿಂತಲ್ಲಿಂದಲೇ ಕೈ ಮುಗಿದಿದ್ದೇನೆ. ಬಲಗಣ್ಣಿನ ಪಟ್ಟಿ ಬಿಚ್ಚಿದರು, ಪೊರೆ ಹೋಗಿ ಎದುರು ಮನೆಯ ತುಳಸಿಕಟ್ಟೆ ಕೂಡ ಸ್ವಚ್ಛ ಕಾಣುತ್ತಿದೆ ಎಂದು ಮಗಳು ಸೌಮ್ಯ ಫೋನಿನಲ್ಲಿ ಹೇಳಿದಳು. ಅದನ್ನು ಕೇಳಿ ದೇವರ ಮುಂದೆ ಊದಿನಕಡ್ಡಿ ಎರಡು ಹೆಚ್ಚಿಗೆ ಹಚ್ಚಿದೆ. ಎಡಗಣ್ಣಿನ ಆಪರೇಷನ್ನಿಗೂ ಹೆದರಬೇಡಿ. ಹನಿ ಔಷಧ ಬಿಡುವಾಗ ಕಣ್ಣು ಗಟ್ಟಿ ಮುಚ್ಚಿಕೊಂಡು ಮಗಳಿಗೆ ಬೈಯುತ್ತೀರಂತೆ. ಮಿರ್ಚಿ ಭಜಿ ತರಲು ಅಳಿಯನನ್ನು ಗುಟ್ಟಾಗಿ ಕಳಿಸಿದ್ದೂ ಗೊತ್ತಾಗಿದೆ. ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಬಸ್ಸಿಗಿಂತ ಸುದ್ದಿ ಬೇಗ ಬರುತ್ತದೆ, ಎಚ್ಚರವಿರಲಿ. ಫೋನಿರುವಾಗ ಇವಳಿಗೆ ಪತ್ರದ ಉಸಾಬರಿ ಯಾಕೆ ಬಂತು ಎಂದು ನೀವು ಗೊಣಗುತ್ತಿರಬಹುದು. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀವು “ಆತು, ಇಡ್ತೇನಿ” ಎಂದು ಇಟ್ಟುಬಿಡುತ್ತೀರಿ. ಪತ್ರವನ್ನು ಹಾಗೆ ನಡುವೆ ಇಡಲು ಬರುವುದಿಲ್ಲ. ಓದಿ ಕಣ್ಣಿಗೆ ಆಯಾಸ ಮಾಡಿಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದಾರಾದ್ದರಿಂದ ಇದನ್ನು ನಿಮಗೆ ಓದಿ ಹೇಳುವವಳು ಅಭಿಜ್ಞಾ. ಅವಳು ನಿಮ್ಮ ಮೊಮ್ಮಗಳೂ ಹೌದು, ಆದರೆ ಮಾತು ಕೇಳುವುದು ನನ್ನದು. (ಅಭಿಜ್ಞಾ, ಅಜ್ಜ ನಡುವೆ ಬಾಯಿ ಹಾಕಿದರೆ ನಿಲ್ಲಿಸಬೇಡ, ಇನ್ನೂ ಜೋರಾಗಿ ಓದು. ಹೀಗೆ ಆವರಣದೊಳಗೆ ಬರೆದದ್ದು ನಿನಗೆ ಮಾತ್ರ.)

ನೀವು ಹೊರಡುವ ಹಿಂದಿನ ದಿನದ ವಿಷಯಕ್ಕೆ ಬರುತ್ತೇನೆ. ಅವತ್ತು ನೀವು ಕಟ್ಟಡದ ಮಾಲೀಕರಾದ ನಾಗಪತಿ ಹೆಗಡೆಯವರ ಮನೆಗೆ ಹೋಗಿ, ಈ ತಿಂಗಳ ಕೊನೆಗೆ ಸೀಲಿನ ಅಂಗಡಿ ಖಾಲಿ ಮಾಡುತ್ತೇನೆ ಎಂದು ಮಾತು ಕೊಟ್ಟು ಬಂದಿರಿ. ಆಮೇಲೆ ರೊಟ್ಟಿ ಮುರಿಯುತ್ತ ನನಗೆ ಹೇಳಿದಿರಿ. ಕೇಳಲಿಲ್ಲ, ಹೇಳಿದಿರಿ. “ಈಗ ಯಾರಿಗೆ ಬೇಕ ರಬ್ಬರ್ ಸೀಲು? ಎಲ್ಲಾ ಕಂಪ್ಯೂಟರ್‌ನಾಗ ಬರ್ತೈತಿ. ನನ್ನ ಕಣ್ಣೂ ಹೋದ್ವು. ಸಾಮಾನ ಕಟ್ಟಿಟ್ಟು ಕೀಲಿಕೈ ಹೆಗಡೇರಿಗೆ ಕೊಟ್ಟುಬಿಡು.” ನಾನು ಪಲ್ಯ ಬಡಿಸಿದೆ. ಆದರೆ ನನಗೆ ಬಹಳ ಕೆಟ್ಟದ್ದೆನಿಸಿತು, ಈಗ ಹೇಳುತ್ತಿದ್ದೇನೆ. ಹಾವೇರಿ ಕಡೆಯಿಂದ ಮದುವೆಯಾಗಿ ಬಂದವಳಿಗೆ ಈ ಊರಿನಲ್ಲಿ ಮೊದಲು ಪರಿಚಯವಾದದ್ದೇ ಆ ಅಂಗಡಿ. ಮಧ್ಯಾಹ್ನ ಬುತ್ತಿ ತಂದು ಬಾಗಿಲಲ್ಲಿ ನಿಂತರೆ, ನೀವು ರಬ್ಬರಿನ ಮೇಲೆ ಅಕ್ಷರವನ್ನು ಉಲ್ಟಾ ಕೊರೆಯುತ್ತ, ತಲೆ ಎತ್ತದೆ, ಅಲ್ಲಿಡು ಎಂದು ಕೈ ಮಾಡುತ್ತಿದ್ದಿರಿ. ಪಂಚಾಯಿತಿಯವರು, ಸೊಸೈಟಿಯವರು, ಲಾರಿ ಆಫೀಸಿನವರು, ಯಾರ ಹೆಸರೂ ನಿಮ್ಮ ಚಾಕುವಿನ ಕೆಳಗೆ ಬರದೆ ಉಳಿದಿಲ್ಲ. ಕಣ್ಣು ಹೋದವು ಎಂದಾಗ ನಿಮ್ಮ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಸಣ್ಣ ಅಕ್ಷರ ಕೊರೆಯಲಾಗದ ಅಂದಾನಪ್ಪ ಯಾಕೆ ಬೇಕು ಎಂದು ಜನ ಕೇಳುವ ಮೊದಲೇ ಬಾಗಿಲು ಹಾಕಿಬಿಡೋಣ ಎಂದು ನೀವು ಅಂದುಕೊಂಡಿರಿ. ನಿಮ್ಮ ಜೊತೆ ಇಷ್ಟು ವರ್ಷ ಬಾಳಿದವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಆದರೂ ನೀವು ಹೇಳಿದ ಹಾಗೆ ಸಾಮಾನು ಕಟ್ಟಲು ಹೋದೆ. ಹಳೇ ಪೇಪರು, ಸುತಲಿ, ಗೋಣಿಚೀಲ ತೆಗೆದುಕೊಂಡು ಬಾಗಿಲು ತೆರೆದು, ಕಸ ಗುಡಿಸಿ, ಒಂದೊಂದೇ ಸೀಲನ್ನು ಸುತ್ತಿಡುತ್ತಿದ್ದೆ. ಕೆಳಗಿನ ಖಾನೆಯಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಅದರ ತುಂಬ ನಿಮ್ಮ ಚಿತ್ರದ ಸೀಲುಗಳು. ಲಾರಿ ಆಫೀಸಿಗೆ ಮಾಡಿದ ಲಾರಿ, ಸಸಿ ಮಾರುವವರ ಚೀಲಕ್ಕೆ ಮಾಡಿದ ಸಾಗವಾನಿ ಮರ, ಬಟ್ಟೆ ಅಂಗಡಿಯ ನವಿಲು, ಆನೆ, ಮಲ್ಲಿಗೆ ಮೊಗ್ಗಿನ ಗೊಂಚಲು, ಹಂಚಿನ ಮನೆ. ಎಷ್ಟು ಚೆಂದ ಕೊರೆದಿದ್ದೀರಿ ಎಂದರೆ ಆನೆಯ ಕಣ್ಣಿನಲ್ಲಿ ತುಂಟತನ ಕಾಣುತ್ತದೆ. ಇಂಥದ್ದೆಲ್ಲ ಮಾಡುತ್ತೀರಿ ಎಂದು ಒಮ್ಮೆಯಾದರೂ ತಂದು ತೋರಿಸಿದ್ದೀರಾ? ಅವನ್ನು ನೋಡುತ್ತ ನಾನು ಕಟ್ಟುವುದನ್ನು ಮರೆತು ಕೂತಿದ್ದಾಗ ಒಬ್ಬ ಹುಡುಗಿ ಬಂದಳು. ಹೆಸರು ದಿವ್ಯಾ. ಶಿರಸಿಯವಳು, ಇಲ್ಲಿ ಸಣ್ಣ ಮಕ್ಕಳ ಶಾಲೆಯಲ್ಲಿ ಟೀಚರು. ಹಬ್ಬಕ್ಕೆಲ್ಲ ತನ್ನ ಕೈಯಾರೆ ಕಾರ್ಡು ಮಾಡಿ ಮಕ್ಕಳಿಗೆ ಹಂಚುವ ಹುಚ್ಚು ಅವಳಿಗೆ. “ಚಿತ್ರದ ಸೀಲ್ ಇದ್ಯಾ ಅಮ್ಮಾ? ಎಂತದಾದ್ರೂ ಅಡ್ಡಿಲ್ಲ, ಸಂಕ್ರಾಂತಿ ಹತ್ರ ಬಂತು” ಎಂದಳು. ಡಬ್ಬಿಯನ್ನು ಅವಳ ಮುಂದೆ ಸರಿಸಿದೆ. ಹುಡುಗಿ ಲಾರಿ ಸೀಲನ್ನು ಎತ್ತಿ ಹಿಡಿದು ಕುಣಿಯುವುದೊಂದು ಬಾಕಿ.

ಅಲ್ಲೇ ಕೂತು, ಚೀಲದಿಂದ ಒಂದು ಬಿಳಿ ಕಾರ್ಡು ತೆಗೆದು, ನಿಮ್ಮ ಲಾರಿಯನ್ನು ನಡುವೆ ಒತ್ತಿದಳು. ಆಮೇಲೆ ಅದೇ ಲಾರಿಯನ್ನು ಒಂದು ತೆಳು ಅಂಟುಚೀಟಿಯ ಮೇಲೆ ಇನ್ನೊಮ್ಮೆ ಒತ್ತಿ, ಗೆರೆಗುಂಟ ಕತ್ತರಿಸಿ, ಆ ಕಾಗದದ ಲಾರಿಯನ್ನು ಕಾರ್ಡಿನ ಲಾರಿಯ ಮೇಲೆ ಸರಿಯಾಗಿ ಕೂರಿಸಿದಳು. ನನಗೆ ಏನೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ಸಾಗವಾನಿ ಮರದ ಸೀಲಿಗೆ ಹಸಿರು ಇಂಕು ಹಚ್ಚಿ ಲಾರಿಯ ಮೇಲೇ ತಂದಳು. ನಾನು “ಅಯ್ಯ ಹುಡುಗಿ, ಅದರ ಮ್ಯಾಲೆ ಹೊಡೀಬ್ಯಾಡ!” ಎಂದು ಕೂಗಿಯೇಬಿಟ್ಟೆ. ನಿಮ್ಮ ಹೆಂಡತಿಯಲ್ಲವೇ ನಾನು? “ಸೀಲು ಪೂರಾ ಬೀಳಬೇಕ, ಅರ್ಧ ಬಿದ್ದದ್ದು ಸೀಲಲ್ಲ, ಕಲೆ” ಎಂದು ನೀವು ಗಿರಾಕಿಗಳಿಗೆ ಬೈಯುವುದನ್ನು ಬಾಗಿಲಲ್ಲಿ ನಿಂತು ಕೇಳಿ ಕೇಳಿ ಅದು ನನ್ನ ರಕ್ತದಲ್ಲೇ ಸೇರಿಹೋಗಿದೆ. ಅವಳು ನಕ್ಕು, ಅರ್ಧ ಆ ಕಾಗದದ ಮುಸುಕಿನ ಮೇಲೆ, ಅರ್ಧ ಕಾರ್ಡಿನ ಮೇಲೆ ಬೀಳುವ ಹಾಗೆ ಮರದ ಪಕ್ಕ ಮರ ಒತ್ತಿದಳು. ಕೊನೆಗೆ ಉಗುರಿನಿಂದ ಮುಸುಕಿನ ತುದಿ ಎಬ್ಬಿಸಿ ಮೆಲ್ಲಗೆ ಎಳೆದಳು. ಲಾರಿ ಹಾಗೇ ಇದೆ, ಒಂದು ಚುಕ್ಕೆ ಹಸಿರೂ ತಾಗಿಲ್ಲ. ಕಾಡು ಹಿಂದೆ ಹೋಗಿ ನಿಂತಿದೆ! ಚಪ್ಪಟೆ ಕಾಗದದೊಳಗೆ ದಾರಿಯೊಂದು ಹುಟ್ಟಿದ ಹಾಗಾಯಿತು. “ಮುಂದೆ ಇರದನ್ನ ಮೊದ್ಲು ಒತ್ತದು ಅಮ್ಮಾ, ಅದಕ್ಕೊಂದು ಮಾಸ್ಕ್ ಹಾಕದು, ಹಿಂದಿಂದು ಆಮೇಲೆ” ಎಂದಳು. ಮಾಸ್ಕೆಂದರೆ ನನಗೆ ಕೊರೊನಾ ನೆನಪಾಗುತ್ತದೆ, ಅದಕ್ಕೆ ನಾನು ಮುಸುಕು ಎಂದೇ ಕರೆಯುತ್ತೇನೆ. ಅವತ್ತು ಗೋಣಿಚೀಲ ಖಾಲಿಯಾಗಿಯೇ ಮನೆಗೆ ಬಂತು.

ಮರುದಿನದಿಂದ ಸಾಮಾನು ಕಟ್ಟುತ್ತೇನೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಅಂಗಡಿಗೆ ಹೋಗತೊಡಗಿದೆ. ಶಾಲೆ ಬಿಟ್ಟ ಮೇಲೆ ದಿವ್ಯಾ ಬರುತ್ತಿದ್ದಳು. ನನ್ನ ಮೊದಲ ಕಾರ್ಡುಗಳನ್ನು ನೀವು ನೋಡಬೇಕಿತ್ತು. ಅರ್ಧ ಸೀಲು ಹೊಡೆಯಲು ಕೈಯೇ ಬರಲೊಲ್ಲದು. ಲಾರಿ ಒಂದು ಮೂಲೆಗೆ, ಮರ ಒಂದು ಮೂಲೆಗೆ, ನವಿಲು ಇನ್ನೊಂದು ಮೂಲೆಗೆ, ಮುನಿಸಿಕೊಂಡ ಬೀಗರು ಮದುವೆ ಮಂಟಪದಲ್ಲಿ ದೂರ ದೂರ ಕೂತ ಹಾಗೆ. ಧೈರ್ಯ ಮಾಡಿದ ದಿನ ಕ್ರಮ ತಪ್ಪಿತು. ನಮಗೆ ರಂಗೋಲಿಯಾದರೂ ಸರಿ, ಗೋಡೆಯಾದರೂ ಸರಿ, ಮೊದಲು ಹಿಂದಿನ ಬಣ್ಣ, ಆಮೇಲೆ ಮುಂದಿನದಲ್ಲವೇ? ಹಾಗೇ ಮೊದಲು ಕಾಡು ಒತ್ತಿ ಅದರ ಮೇಲೆ ಲಾರಿ ಹೊಡೆದೆ. ಡ್ರೈವರನ ತಲೆಯೊಳಗಿಂದ ಸಾಗವಾನಿ ಎದ್ದು ನಿಂತಿತು. ಅದು ಸರಿಹೋಯಿತು ಎನ್ನುವಷ್ಟರಲ್ಲಿ ನಿಮ್ಮಿಂದ ಬಂದ ಇನ್ನೊಂದು ಚಾಳಿ ಅಡ್ಡ ಬಂತು. ಸೀಲು ಹೊಡೆಯುವ ಮೊದಲು ನೀವು “ಹಾ” ಎಂದು ಅದಕ್ಕೆ ಉಸಿರು ಬಿಡುತ್ತೀರಲ್ಲ? ನಾನೂ ಬಿಟ್ಟೆ. ಅಂಟು ಸವೆದಿದ್ದ ಮುಸುಕು ಹಾರಿ ಸೀದಾ ರಸ್ತೆಗೆ ಹೋಯಿತು. ಅದರ ಹಿಂದೆ ನಾನೂ ಹೋದೆ. ಎದುರಿನ ಟಯರ್ ಅಂಗಡಿಯವರು ನೋಡಿ ನಕ್ಕರು. ಮತ್ತೆ ದಪ್ಪ ಕಾಗದದ ಮುಸುಕು ಮಾಡಿದೆ, ಲಾರಿಯ ಸುತ್ತ ಬಿಳಿ ಸಂದು ಉಳಿಯಿತು. ಗೆರೆಯ ಹೊರಗೆ ಕತ್ತರಿಸಿದರೂ ಅದೇ ಸಂದು. ತೆಳು ಕಾಗದ ಬೇಕು, ಗೆರೆಯ ಒಳಗಂಚಿಗೇ ಕತ್ತರಿ ಓಡಬೇಕು, ಗುದ್ದಬಾರದು, ಮಗುವಿನ ಹಣೆ ಒತ್ತಿದ ಹಾಗೆ ಒತ್ತಿ ನೆಟ್ಟಗೆ ಎತ್ತಬೇಕು. ಇಷ್ಟು ಕಲಿಯುವಷ್ಟರಲ್ಲಿ ದಿವ್ಯಾಳ ಕಾರ್ಡಿನ ಕಟ್ಟು ಅರ್ಧ ಕರಗಿತು, ಪಾಪ ಆ ಹುಡುಗಿ ಒಂದು ಮಾತೂ ಅನ್ನಲಿಲ್ಲ.

ಈಗ ಸಂಕ್ರಾಂತಿಯ ಹಿಂದಿನ ದಿನದ ಕಥೆ. ನೀರು ಕುಡಿಯುತ್ತಿದ್ದರೆ ಲೋಟ ಕೆಳಗಿಡಿ. ಅವತ್ತು ದಿವ್ಯಾಳ ಶಾಲೆಯ ಮಕ್ಕಳ ಕಾರ್ಡು ಮುಗಿಸಬೇಕಿತ್ತು, ಅವಳು ಶಾಲೆಯಲ್ಲಿದ್ದಳು, ನಾನೊಬ್ಬಳೇ. ನನಗೆ ಒಂದು ಆಸೆ ಹುಟ್ಟಿತು. ಅರಬೈಲ್ ಘಟ್ಟ ಹತ್ತುವ ಲಾರಿ, ಹಿಂದೆ ಕಾಡು, ಅದರ ಮೇಲೆ ನೀಲಿ ಆಕಾಶ, ಆಕಾಶದಲ್ಲಿ ಚಂದ್ರ. ಸ್ಪಂಜಿನ ತುಂಡಿನಿಂದ ನೀಲಿ ಇಂಕು ಮೆಲ್ಲಗೆ ಒತ್ತಿದರೆ ಆಕಾಶವಾಗುತ್ತದೆ. ಚಂದ್ರನಿರುವ ಜಾಗ ಬಿಳಿ ಉಳಿಯಬೇಕಾದರೆ ದುಂಡನೆಯ ಮುಸುಕು ಬೇಕು. ಬಳೆ ಇಟ್ಟೆ, ದೊಡ್ಡದಾಯಿತು. ಅಂಗಿಯ ಗುಂಡಿ ಇಟ್ಟೆ, ಜಾರಿತು. ಅಂಟುಚೀಟಿಯನ್ನು ದುಂಡಗೆ ಕತ್ತರಿಸಲು ಹೋದರೆ ಚಂದ್ರ ಬಟಾಟೆಯ ಹಾಗಾದ. ಆಗ ಬೆವರು ಒರೆಸಿಕೊಳ್ಳಲು ಹಣೆಗೆ ಹೋದ ಕೈಗೆ ನನ್ನ ಟಿಕಳಿ ಸಿಕ್ಕಿತು. ದುಂಡಗೆ, ತೆಳ್ಳಗೆ, ಹಿಂದೆ ಅಂಟು! ಕಿತ್ತು, ಕಾಗದ ಹರಿಯದಿರಲಿ ಎಂದು ಸೆರಗಿಗೆ ಒಂದೆರಡು ಸಲ ಒತ್ತಿ ಅಂಟು ಕಡಿಮೆ ಮಾಡಿ, ಕಾರ್ಡಿನ ಮೇಲೆ ಕೂರಿಸಿ, ಸುತ್ತ ಆಕಾಶ ಒತ್ತಿ, ಉಸಿರು ಹಿಡಿದು ಎತ್ತಿದೆ. ಹುಣ್ಣಿಮೆ ಚಂದ್ರ ನೋಡಿ! ನನಗೆ ಎಷ್ಟು ಖುಷಿಯಾಯಿತೆಂದರೆ ಯಾರಿಗಾದರೂ ತೋರಿಸಬೇಕು ಎಂದು ಸುತ್ತ ನೋಡಿದೆ. ನೀವು ನೆನಪಾದಿರಿ, ನಿಜವಾಗಿ. ಟಿಕಳಿಯಂತೂ ನೀಲಿಯಾಗಿತ್ತು, ಮತ್ತೆ ಹಣೆಗೆ ಹಚ್ಚುವ ಹಾಗಿರಲಿಲ್ಲ. ಇನ್ನೊಂದು ಹಚ್ಚಿಕೊಳ್ಳಬೇಕೆಂಬುದು ಆ ಸಂಭ್ರಮದಲ್ಲಿ ಮರೆತೇಹೋಯಿತು. ಹಬ್ಬಕ್ಕೆ ಅವರೆಕಾಯಿ, ಕೊತ್ತಂಬರಿ ಬೇಕಿತ್ತೆಂದು ಹಾಗೇ ಎದ್ದು ಕಾಯಿಪಲ್ಲೆ ಅಂಗಡಿಗೆ ಹೋದೆ.

ನನ್ನ ಅವತಾರ ನೀವೇ ಊಹಿಸಿ. ಹಣೆ ಬೋಳು. ಇಂಕಿನ ವಾಸನೆಗೆ ಕಣ್ಣು ಕೆಂಪು. ತಲೆ ಕೆದರಿದೆ. ಗಂಡ ಆಪರೇಷನ್ನಿಗೆ ಹುಬ್ಬಳ್ಳಿಗೆ ಹೋಗಿದ್ದಾನೆಂಬುದು ಊರಿಗೆಲ್ಲ ಗೊತ್ತು. ಕಾಯಿಪಲ್ಲೆ ಅಂಗಡಿಯಲ್ಲಿ ಹೆಗಡೆಯವರ ಹೆಂಡತಿ ಲಕ್ಷ್ಮಮ್ಮ ನಿಂತಿದ್ದರು. ನನ್ನ ಮುಖ ನೋಡಿದರು, ಏನೋ ಹೇಳಲು ಬಾಯಿ ತೆರೆದರು, ಮುಚ್ಚಿಕೊಂಡರು. ನನಗೆ ಅವಸರ, ನಾನೂ ಮಾತಾಡಿಸಲಿಲ್ಲ. ಅವರು ಸೀದಾ ಮನೆಗೆ ಹೋಗಿ ಗಂಡನಿಗೆ, “ಪಾರ್ವತವ್ವನ ಹಣೆ ಬೋಳು ಇದ್ದು. ಎಂತ ಆತೇನ. ಆನು ಕೇಳಲೆ ಹೋಯ್ದ್ನಿಲ್ಲೆ, ನಿಂಗ ಒಂದ್ಸಲ ಹೋಗ್ ಬನ್ನಿ” ಎಂದರಂತೆ. ಇಂಥದ್ದನ್ನು ಬಾಯಿ ಬಿಟ್ಟು ಕೇಳುವುದು ಹೇಗೆ ಎಂದು ಅವರು ಹೆದರಿದ್ದು, ಅದರಲ್ಲಿ ಅವರ ತಪ್ಪಿಲ್ಲ. ಆದರೆ ಕಾಯಿಪಲ್ಲೆ ಅಂಗಡಿಯವನಿಗೂ ಕಣ್ಣಿದ್ದವಲ್ಲ. ನಾನು ನಮ್ಮ ಅಂಗಡಿಗೆ ಹಿಂದಿರುಗಿ ಕೂತು ಇನ್ನೊಂದು ಚಂದ್ರ ಮಾಡಲು ತೊಡಗುವಷ್ಟರಲ್ಲಿ ನೀವು ಯಲ್ಲಾಪುರ ಪೇಟೆಯಲ್ಲಿ ತೀರಿಕೊಂಡಾಗಿತ್ತು.

ಮೊದಲು ಬಂದವನು ಚೌಡ. ಸಿದ್ದಾಪುರ ಕಡೆಯ ಲಾರಿ ಡ್ರೈವರು, ನಾಟಾ ದಿಮ್ಮಿ ಸಾಗಿಸುವವನು, ನೀವು ಅವನ ಲಾರಿಯ ನಂಬರಿಗೆ ಸೀಲು ಮಾಡಿಕೊಟ್ಟಿದ್ದಿರಿ. ಬಾಗಿಲ ಹೊರಗೆ ಲಾರಿ ನಿಲ್ಲಿಸಿ, ಇಂಜಿನ್ ಆರಿಸಿ, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. ಏನಪ್ಪಾ ಎಂದರೆ ಟವೆಲ್ಲನ್ನೇ ಮಡಚತೊಡಗಿದ. ಅವನ ಹಿಂದೆಯೇ ಹೆಗಡೆಯವರು ಬಂದರು. ಕೀಲಿಕೈ ಕೇಳಲು ಬಂದರು ಎಂದುಕೊಂಡೆ. ಡಬ್ಬಿಯ ಮೇಲೆ ಸೆರಗು ಮುಚ್ಚಿದೆ. ಸಾಮಾನು ಒಂದೂ ಕಟ್ಟಿಲ್ಲ, ಏನು ಹೇಳಲಿ? ಅವರು ಬೆಂಚಿನ ಮೇಲೆ ಕೂತರು. ನೆಲ ನೋಡುತ್ತ, ದುಃಖಕ್ಕೋ ಏನೋ ನಮ್ಮೊಡನೆ ಎಂದೂ ಆಡದ ತಮ್ಮ ಮನೆಮಾತಿನಲ್ಲೇ, “ಕೀಲಿಕೈಗೆ ಎಂತ ಅವಸರ ಇಲ್ಲೆ ಪಾರ್ವತವ್ವಾ. ಎಷ್ಟು ದಿನ ಬೇಕಾದ್ರೂ ಅಂಗಡಿ ಇಟ್ಕಳಿ. ಆನು ಕೇಳ್ತ್ನಿಲ್ಲೆ” ಎಂದರು. ನನಗೆ ಕೇಳಿದ್ದು ನಂಬಲಾಗಲಿಲ್ಲ. ಅಂಗಡಿ ಉಳಿಯಿತು! ನಾನು ಎರಡೂ ಕೈ ಚಪ್ಪಾಳೆ ತಟ್ಟಿ, ಬಾಯಿ ತುಂಬ ನಕ್ಕು, “ಬಾಳ ಚಲೋ ಆತ್ರಿ ಹೆಗಡೇರ!” ಎಂದುಬಿಟ್ಟೆ. ಹೆಗಡೆಯವರ ಮುಖ ಬಿಳಚಿಕೊಂಡಿತು. ಚೌಡ ಎರಡು ಹೆಜ್ಜೆ ಹಿಂದೆ ಸರಿದ. ಪಾಪ, ದುಃಖಕ್ಕೆ ಇವಳ ತಲೆ ತಿರುಗಿತು ಎಂದು ಅವರು ತಿಳಿದರು.

ಅಷ್ಟರಲ್ಲಿ ಲಕ್ಷ್ಮಮ್ಮ ಒಳಗೆ ಬಂದವರೇ ನನ್ನನ್ನು ತಬ್ಬಿಕೊಂಡು ಅಳತೊಡಗಿದರು. ಯಾರಾದರೂ ತಬ್ಬಿಕೊಂಡು ಅತ್ತರೆ ನನಗೆ ಕಾರಣ ಬೇಕಾಗುವುದಿಲ್ಲ, ನಿಮಗೆ ಗೊತ್ತು. ನಾನೂ ಅತ್ತೆ. ಬಾಗಿಲಲ್ಲಿ ಜನ ಸೇರಿದರು. ಲಕ್ಷ್ಮಮ್ಮ ನನ್ನ ಬೋಳು ಹಣೆಯನ್ನು ಸವರಿ ಇನ್ನೂ ಜೋರಾಗಿ ಅತ್ತಾಗ ನನಗೆ ಥಟ್ಟನೆ ಹೊಳೆಯಿತು. ಅಯ್ಯೋ ಶಿವನೇ ಎಂದು ಅವರ ಕೈ ಬಿಡಿಸಿ, ಮೇಜಿನ ಮೇಲಿದ್ದ ಕಾರ್ಡು ಎತ್ತಿ, ಅದರಲ್ಲಿ ಇನ್ನೂ ಅಂಟಿದ್ದ ನೀಲಿ ಟಿಕಳಿ ತೋರಿಸಿ, “ಅಲ್ಲೈತ್ರಿ ನನ್ನ ಟಿಕಳಿ! ಚಂದ್ರನ ಮ್ಯಾಲೆ ಐತಿ! ನಮ್ಮವರು ಹುಬ್ಬಳ್ಳ್ಯಾಗ ಮಿರ್ಚಿ ತಿನ್ನಾಕತ್ತಾರ!” ಎಂದೆ. ಯಾರೂ ನಂಬಲಿಲ್ಲ. ಹೆಗಡೆಯವರು ಫೋನು ತೆಗೆದು ನಿಮಗೇ ಹಚ್ಚಿದರು. ಸೋಮವಾರ ಮಧ್ಯಾಹ್ನ ಅವರು ಫೋನು ಮಾಡಿ ಏನೂ ಮಾತಾಡಲಿಲ್ಲ ಎಂದು ನೀವು ಸೌಮ್ಯಳ ಹತ್ತಿರ ಬೈದಿರಂತಲ್ಲ, ಅದು ಇದಕ್ಕೇ. ನೀವು “ಯಾರು? ಏನು? ಈಗ ಮಲಗೋ ಹೊತ್ತು, ಇಡ್ತೇನಿ” ಎಂದದ್ದು ಇಡೀ ಅಂಗಡಿಗೆ ಕೇಳಿಸಿತು. ನೀವು ಬದುಕಿದ್ದೀರಿ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೇ? ನಗೆ ಎಂದರೆ ಎಂಥ ನಗೆ! ಹೆಗಡೆಯವರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ನಕ್ಕರು. “ಹಾರ ತಗಂಡ್ ಬರ್ಬೇಕಾ ಬ್ಯಾಡ್ವಾ ಅಂತ ಗೊತ್ತಾಗ್ದೆ ಸುಮ್ನೆ ಬಂದೆ ಅವ್ವಾ” ಎಂದು ಚೌಡ ಆಮೇಲೆ ಹೇಳಿದ. ಇಂಥ ಸುಳ್ಳು ಸುದ್ದಿ ಹುಟ್ಟಿದರೆ ಆಯುಷ್ಯ ಹೆಚ್ಚುತ್ತದಂತೆ, ಲಕ್ಷ್ಮಮ್ಮ ಹೇಳಿದರು. ಇನ್ನು ನೀವು ನೂರು ವರ್ಷ ನನ್ನನ್ನು ಕಾಡುವುದು ಖಾತ್ರಿ.

ಸಾವಿನ ಮನೆಗೆಂದು ಬಂದ ಜನ ಹಾಗೇ ಹಿಂದಿರುಗುತ್ತಾರೆಯೇ? ಕಾರ್ಡುಗಳನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಮುಸುಕು ಹಾಕಿ ತೋರಿಸು, ತೆಗೆದು ತೋರಿಸು ಎಂದು ನನ್ನಿಂದ ಮತ್ತೆ ಮತ್ತೆ ಮಾಡಿಸಿದರು. ಮುಸುಕು ಎತ್ತಿದಾಗಲೆಲ್ಲ “ಓ” ಎಂದು ಕೂಗುತ್ತಿದ್ದರು. ತಮ್ಮ ಮಗಳು ಸ್ಫೂರ್ತಿಯ ಸೀಮಂತಕ್ಕೆ ಆನೆಯ ಹಿಂದೆ ಮರಿಯಾನೆ ನಿಂತ ಕಾರ್ಡು ಬೇಕು ಎಂದು ಲಕ್ಷ್ಮಮ್ಮ ಅಲ್ಲೇ ಹೇಳಿದರು. ಚೌಡ ಊರಿನಲ್ಲಿರುವ ಹೆಂಡತಿ ಗಂಗೆಗೆ ಒಂದು ಕೇಳಿದ. ಅವನಿಗೆ ಲಾರಿ ಮುಂದೆ ಬೇಡವಂತೆ. ಯಾವಾಗಲೂ ಲಾರಿಯೇ ಮುಂದಾಯಿತು ಎಂದು ಅವಳು ಮುನಿಯುತ್ತಾಳಂತೆ. ಹಾಗಾಗಿ ಮೊದಲು ಮಲ್ಲಿಗೆ ಒತ್ತಿ, ಅದಕ್ಕೆ ಮುಸುಕು ಹಾಕಿ, ಲಾರಿಯನ್ನು ಹಿಂದೆ ಕಳಿಸಿದೆ. ಅವನು ಅದನ್ನು ಡ್ರೈವರ್ ಸೀಟಿನ ಮುಂದೆ ಗಾಜಿಗೆ ಒರಗಿಸಿಟ್ಟುಕೊಂಡು ಊರಿಗೆ ಹೋದ. ದಿವ್ಯಾಳ ಮಕ್ಕಳಿಗೂ ಹಬ್ಬದ ದಿನ ಕಾರ್ಡು ಸಿಕ್ಕವು. ಈಗ ಯುಗಾದಿಗೆ ಎಂದು ಕೇಳುವವರಿದ್ದಾರೆ. ಮಾವಿನ ತೋರಣದ ಸೀಲು ನಮ್ಮಲ್ಲಿ ಇಲ್ಲ, ಕೋಗಿಲೆಯೂ ಇಲ್ಲ. ದೊಡ್ಡ ದೊಡ್ಡ ಚಿತ್ರ, ಸಣ್ಣ ಅಕ್ಷರದ ಕಾಟವಿಲ್ಲ. ಯಾರು ಕೊರೆಯಬೇಕು ಎಂದು ನಾನು ಕೇಳುವುದಿಲ್ಲ, ನೀವೇ ಯೋಚನೆ ಮಾಡಿ.

ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನನಗೆ ಸಂತೋಷವಾಗಿದೆ. ಬೆಳಿಗ್ಗೆ ಎದ್ದರೆ ಇವತ್ತು ಏನು ಒತ್ತಲಿ, ಯಾವುದರ ಹಿಂದೆ ಯಾವುದನ್ನು ನಿಲ್ಲಿಸಲಿ ಎಂದೇ ತಲೆಯಲ್ಲಿ ಓಡುತ್ತದೆ. ಇದರ ಜೊತೆ ಒಂದು ಕಾರ್ಡು ಇಟ್ಟಿದ್ದೇನೆ. ಅರಬೈಲ್ ಘಟ್ಟದ್ದೇ, ಮೊದಲ ಚಂದ್ರನದ್ದೇ. ಚಂದ್ರನ ಎಡ ಅಂಚಿನಲ್ಲಿ ಇಂಕು ಸ್ವಲ್ಪ ಒಳಗೆ ಇಳಿದಿದೆ, ನೀವು ಅದನ್ನೇ ಮೊದಲು ಹುಡುಕುತ್ತೀರಿ ಎಂದು ಗೊತ್ತಿದ್ದರಿಂದ ನಾನೇ ಹೇಳಿಬಿಟ್ಟೆ. ಓದಬೇಡಿ ಎಂದರು, ಚಿತ್ರ ನೋಡಬೇಡಿ ಎಂದಿಲ್ಲವಲ್ಲ. ಬಲಗಣ್ಣಿನಿಂದ ನೋಡಿ. ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ. ಭಜಿ ತಂದದ್ದಕ್ಕೆ ಅಳಿಯನನ್ನು ಬೈಯಬೇಡ ಎಂದು ಸೌಮ್ಯಳಿಗೆ ಹೇಳಿ, ಅವನು ನಿಮ್ಮನ್ನು ಎದುರಿಸಲಾರ. ಅಭಿಜ್ಞಾಳಿಗೆ ಗಲ್ಲ ಹಿಂಡಿ ಒಂದು ಮುತ್ತು. ಕರಿ ಕನ್ನಡಕ ತೆಗೆಯಬೇಡಿ. ಭಾರ ಎತ್ತಬೇಡಿ. ದೇವರು ನಿಮ್ಮ ಎರಡೂ ಕಣ್ಣು ತಂಪಾಗಿ ಇಟ್ಟಿರಲಿ.

ಹಣೆಗೆ ಹೊಸ ಟಿಕಳಿ ಹಚ್ಚಿಕೊಂಡು ಕೂತಿರುವ
ನಿಮ್ಮ
ಪಾರ್ವತಿ

ತಾ.ಕ. ಅಂಚೆ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. (ಅಭಿಜ್ಞಾ, ಇದನ್ನು ಅಜ್ಜನ ಊಟವಾದ ಮೇಲೆ ಓದು.) ಅಂಗಡಿ ಬಿಟ್ಟಿಲ್ಲ. ಸಿಟ್ಟು ಮಾಡಿಕೊಂಡರೆ ಕಣ್ಣಿಗೆ ಒತ್ತಡ ಬೀಳುತ್ತದೆ ಎಂದು ಡಾಕ್ಟರು ಹೇಳಿದ್ದು ನೆನಪಿರಲಿ. ಹೆಗಡೆಯವರು ಆಡಿದ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಆದರೆ ಅಂದಾನಪ್ಪ ಬಿಡುತ್ತೇನೆಂದು ಹೇಳಿ ಹೋದ ಮೇಲೆ ಹೊಸ ಕರಾರು ಯಾರ ಹೆಸರಿಗೆ ಬರೆಯಲಿ ಎಂದು ನಿನ್ನೆ ಕೇಳಿದರು. ನನ್ನ ಹೆಸರಿಗೆ ಬರೆಯಿರಿ ಎಂದೆ. ಬರೆದರು, ಸಹಿ ಮಾಡಿದೆ. ಸಹಿಯ ಕೆಳಗೆ ಹೆಸರಿನ ಸೀಲು ಬೇಕು ಎಂದರು. ಎಲ್ಲ ಖಾನೆ ಹುಡುಕಿದೆ. ಇಡೀ ತಾಲೂಕಿನ ಹೆಸರುಗಳು ಸಿಕ್ಕವು, ನನ್ನದು ಒಂದೂ ಇಲ್ಲ. ನಮ್ಮ ಯಜಮಾನರು ಬಂದು ಕೊರೆದುಕೊಡುತ್ತಾರೆ ಎಂದು ಹೇಳಿ ಆ ಜಾಗ ಖಾಲಿ ಬಿಡಿಸಿ ಬಂದಿದ್ದೇನೆ. ಪಾರ್ವತವ್ವ ಎಂದಷ್ಟೇ ಸಾಕು. ಅಕ್ಷರ ಎಷ್ಟು ದೊಡ್ಡದು ಮಾಡಿದರೂ ನಡೆಯುತ್ತದೆ, ಹೆಗಡೆಯವರು ಜಾಗ ಬಹಳ ಬಿಟ್ಟಿದ್ದಾರೆ.